ಖಾರದ ಗಿರಣಿಯ ಹೊರಗಿನ ಕಟ್ಟೆ

ಸುಗ್ಗಿಯಲ್ಲಿ ಬ್ಯಾಡಗಿ ಬಂತು ಅಂತ ಹೇಳಲು ಕಂಡಕ್ಟರ್ ಕೂಗಬೇಕಾಗಿಲ್ಲ. ಮೊದಲು ಕಿಟಕಿ ಪಕ್ಕದವರು ಸೀನುತ್ತಾರೆ, ಆಮೇಲೆ ಹಿಂದಿನ ಸೀಟಿನವರು ಕೆಮ್ಮುತ್ತಾರೆ, ಕೊನೆಗೆ ಡ್ರೈವರ್ ಕೂಡ ಒಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಾನೆ. ಹೋದ ವಾರ ಹಾವೇರಿಯಿಂದ ಬರುವಾಗ ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು. "ಘಾಟು ಭಾಳ ಐತಿ ನೋಡ್ರಿ," ಅಂದಳು. ಹೌದೆಂದೆ. ಅರ್ಧ ಘಾಟಿನದೇ ಹೌದು. ಉಳಿದರ್ಧ ಎರಡು ವರ್ಷದ ಹಿಂದಿನ ಸುಗ್ಗಿಯದು, ಅದನ್ನು ಬಸ್ಸಿನಲ್ಲಿ ಸಿಕ್ಕವರಿಗೆ ಹೇಳುವುದು ಹೇಗೆ?

ಹಿಂದಿನ ದಿನ ಶಾಂತವ್ವ ಅತ್ತಿ ಫೋನ್ ಮಾಡಿದ್ದಳು. "ಖೈರೂನ್ ಬರ್ತಾಳಂತ ನಾಳೆ. ನೀನೂ ಬಾ." ಅಷ್ಟು ಹೇಳಿ ಇಟ್ಟುಬಿಟ್ಟಳು. ಮೂರು ನಿಮಿಷಕ್ಕಿಂತ ಕಡಿಮೆ ಮಾತಾಡಿ ಗೊತ್ತೇ ಇಲ್ಲದ ಹೆಂಗಸು ಅವಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ಅತ್ತಿಯೆಂದರೆ ನಮ್ಮಪ್ಪನ ಅಕ್ಕ. ಬ್ಯಾಡಗಿಯ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಖಾರ ಕುಟ್ಟುವ ಗಿರಣಿ ಇಟ್ಟಿದ್ದಾಳೆ. ಮಾವ ತೀರಿಕೊಂಡ ಮೇಲೂ ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಸಂಕ್ರಾಂತಿ ಮುಗಿದದ್ದೇ ತಡ, ಸುತ್ತಲಿನ ಊರುಗಳಿಂದ ಹೆಂಗಸರು ವರ್ಷದ ಮಸಾಲೆ ಖಾರ ಮಾಡಿಸಲು ಬರುತ್ತಾರೆ. ತೊಟ್ಟು ಮುರಿದು ಒಣಗಿಸಿದ ಮೆಣಸಿನಕಾಯಿ ಒಂದು ಚೀಲದಲ್ಲಿ, ಹುರಿದ ಮಸಾಲೆ ಸಾಮಾನು ಇನ್ನೊಂದು ಗಂಟಿನಲ್ಲಿ. ಹೊರಗೆ ಬೇವಿನ ಗಿಡದ ಕೆಳಗೆ ಉದ್ದನೆಯ ಕಲ್ಲಿನ ಕಟ್ಟೆ ಇದೆ. ಪಾಳಿ ಯಾರದೋ ಅವರೊಬ್ಬರೇ ಒಳಗೆ, ಉಳಿದವರೆಲ್ಲ ಕಟ್ಟೆಯ ಮೇಲೆ. ಚಿಕ್ಕಂದಿನಿಂದ ನೋಡಿದ್ದೇನೆ. ಒಳಗೆ ಘಾಟು ತಡೆಯುವುದಿಲ್ಲ, ಅದಕ್ಕೆ ಹೊರಗೆ ಕೂರುತ್ತಾರೆ ಎಂದೇ ತಿಳಿದುಕೊಂಡಿದ್ದೆ. ನಾನು ಯಾರನ್ನೂ ಕೇಳಿರಲಿಲ್ಲ. ಮನೆ ಹುಡುಗಿಯಾದ್ದರಿಂದ ನನ್ನನ್ನು ಯಾರೂ ಹೊರಗೆ ಕೂರಿಸಿಯೂ ಇರಲಿಲ್ಲ.

ಹಾವೇರಿಯಲ್ಲಿ ನನ್ನದೊಂದು ಲಗ್ನಪತ್ರಿಕೆಯ ಅಂಗಡಿ. ಒಂದು ಕಾಲದಲ್ಲಿ ಮದುವೆ ತಿಂಗಳು ಬಂತೆಂದರೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಈಗ ಜನ ಪತ್ರಿಕೆಯನ್ನು ಫೋನಿನಲ್ಲೇ ಕಳಿಸಿ, ಮೇಲೊಂದು ಕೈಮುಗಿದ ಚಿತ್ರ ಹಾಕಿ ಮುಗಿಸುತ್ತಾರೆ. ದೇವರ ಮುಂದಿಡಲು ಮಾತ್ರ ಇಪ್ಪತ್ತೈದು ಅಚ್ಚು ಹಾಕಿಸುತ್ತಾರೆ, ಅದರಲ್ಲೂ ಚೌಕಾಸಿ. ಫೋನು ನನ್ನ ಕೆಲಸ ಕಸಿದುಕೊಂಡಿತಲ್ಲ, ಅದೇ ಫೋನಿನಿಂದ ನಾನೂ ಕೆಲಸ ಹುಟ್ಟಿಸುತ್ತೇನೆ ಎಂದು ಹಟ ಹಿಡಿದು ಆನ್‌ಲೈನ್ ಪ್ರಚಾರದ ತರಬೇತಿ ಒಂದು ಮಾಡಿಕೊಂಡೆ. ಸಣ್ಣ ಅಂಗಡಿಗಳಿಗೆ ಫೋಟೋ, ವಿಡಿಯೋ, ಬರಹ ಮಾಡಿಕೊಡುವುದು. ಆದರೆ ಮೊದಲು ಯಾರದಾದರೂ ಮಾಡಿ ತೋರಿಸಬೇಕಲ್ಲ? ಅದೇ ವರ್ಷ ರಾಣೇಬೆನ್ನೂರಿನಲ್ಲಿ ಬಣ್ಣದ ಬೋರ್ಡಿನ ಹೊಸ ಗಿರಣಿ ಶುರುವಾಗಿತ್ತು. ಅತ್ತಿಯ ಕಟ್ಟೆಯ ಮೇಲೆ ಜಾಗ ಖಾಲಿ ಉಳಿಯತೊಡಗಿತ್ತು. ಗುರುವಾರವೂ ಶನಿವಾರವೂ ಬ್ಯಾಡಗಿಗೆ ಬಂದು ನಾನೇ ಎಲ್ಲ ನೋಡಿಕೊಳ್ಳುತ್ತೇನೆ ಎಂದೆ.

ಬಂದು ನೋಡಿದರೆ ಅತ್ತಿ ಆಗಲೇ ಪ್ರಚಾರ ಶುರು ಮಾಡಿಬಿಟ್ಟಿದ್ದಳು. ಆ ಪ್ರಚಾರ ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ.

ಗಿರಣಿಗೆ ಒಮ್ಮೆ ಬಂದು ನಂಬರ್ ಕೊಟ್ಟವರನ್ನೆಲ್ಲ ಒಂದು ವಾಟ್ಸಾಪ್ ಗ್ರೂಪಿಗೆ ತುಂಬಿದ್ದಳು. ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಬಿಟ್ಟು ಹೋದವರನ್ನು ಮತ್ತೆ ಸೇರಿಸುತ್ತಿದ್ದಳು. ತಪ್ಪಿ ಹೋಗಿರಬೇಕು ಪಾಪ, ಎಂಬುದು ಅವಳ ನಂಬಿಕೆ. ಕೋಳಿ ಕೂಗುವ ಮೊದಲೇ ದೇವರ ಚಿತ್ರ, ಅದರ ಹಿಂದೆ ಮೂರು ನಿಮಿಷದ ಧ್ವನಿ. ಅದರಲ್ಲಿ ಎರಡೂವರೆ ನಿಮಿಷ ಮೊಣಕಾಲು ನೋವಿನ ವಿಚಾರ. ದೇವರಗುಡ್ಡದ ಒಬ್ಬರು ಮಗಳ ನಿಶ್ಚಯದ ಫೋಟೋ ಹಾಕಿದರೆ ಅದರ ಕೆಳಗೆ, "ಜೋಡಿ ಚಂದ ಐತಿ. ಖಾರ ಕುಟ್ಟಿ ಕೊಡಲಾಗುವುದು." ಐರಣಿಯ ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ಬಂದಾಗ ಎಲ್ಲರೂ ಓಂ ಶಾಂತಿ ಬರೆದರೆ, ಇವಳು, "ಓಂ ಶಾಂತಿ. ದಿವಸದ ಊಟಕ್ಕ ಖಾರ ಬೇಕಾದ್ರ ಹೇಳ್ರಿ."

"ಅತ್ತಿ, ಸತ್ತ ಮನಿ ಮುಂದ ವ್ಯಾಪಾರ ಮಾಡ್ತಾರೇನು?" ಎಂದು ಕೂಗಾಡಿದೆ.

"ಯಾಕ, ಅವರು ದಿವಸ ಮಾಡೂದಿಲ್ಲೇನು? ಮಾತಾಡ್ಸಾಕ ಹೋದಾಗ ನಾ ಬಾಯಿಲೆ ಕೇಳೇ ಕೇಳ್ತೇನಿ. ಫೋನಿನ್ಯಾಗ ಕೇಳಿದ್ರ ಅಷ್ಟ ತಪ್ಪಾತೇನು?"

ಮೂರನೆಯ ದಿನ ಐರಣಿಯವರು ಬಂದು ಖಾರ ಮಾಡಿಸಿಕೊಂಡು ಹೋದರು. ನನಗೆ ಇನ್ನೂ ಸಿಟ್ಟು ಬಂತು.

ಎಲ್ಲಕ್ಕಿಂತ ಮೇಲಿನದು ರಾಣೇಬೆನ್ನೂರಿನ ಗಿರಾಕಿಯ ಪ್ರಸಂಗ. ಆಕೆ ಗಿರಣಿಯ ಆನ್‌ಲೈನ್ ಪುಟದಲ್ಲಿ ಒಂದೇ ನಕ್ಷತ್ರ ಕೊಟ್ಟು, ಖಾರ ನುಣ್ಣಗಿಲ್ಲ, ಉರುಟಾಗಿದೆ, ಬಾಯಿಗೆ ಸಿಗುತ್ತದೆ ಎಂದು ಬರೆದಿದ್ದಳು. ತೊಂದರೆಗೆ ಕ್ಷಮಿಸಿ, ಮತ್ತೊಮ್ಮೆ ಜರಡಿ ಹಿಡಿದು ಕೊಡುತ್ತೇವೆ ಎಂದು ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅತ್ತಿ ಎಲ್ಲರಿಗೂ ಕಾಣುವಂತೆ ಬರೆದಳು: "ತೊಟ್ಟು ಮುರೀಲಾರದ ತಂದ್ರ ಉರುಟ ಆಕ್ಕೈತಿ. ನಿಮ್ಮ ಅತ್ತಿ ಇದ್ದಾಗ ಹಿಂಗ ಇದ್ದಿಲ್ಲ. ಅವರು ಹಸನ ಮಾಡಿ ತರ್ತಿದ್ರು. ಗಂಡಗ ಸಕ್ಕರಿ ರೋಗ ಕಡಿಮಿ ಆತೇನು?" ಆ ಹೆಣ್ಣುಮಗಳಿಗೆ ಫೋನ್ ಮಾಡಿ ಕ್ಷಮೆ ಕೇಳುವಾಗ ನನ್ನ ಮುಖ ಅತ್ತಿಯ ಖಾರಕ್ಕಿಂತ ಕೆಂಪಾಗಿತ್ತು.

ಆ ಸಂಜೆ ಮಾರಾಟವಾಗದೆ ಉಳಿದ ಲಗ್ನಪತ್ರಿಕೆಯೊಂದನ್ನು ತಿರುವಿ, ಖಾಲಿ ಬದಿಯಲ್ಲಿ ದಪ್ಪ ಅಕ್ಷರದಲ್ಲಿ ನಿಯಮ ಬರೆದೆ. ಕೇಳದೆ ಯಾರನ್ನೂ ಸೇರಿಸಬಾರದು. ಕೇಳದೆ ಯಾರದನ್ನೂ ಹಾಕಬಾರದು. ದೂರು ಬಂದರೆ ಮೊದಲು ಕ್ಷಮೆ, ಆಮೇಲೆ ಮಾತು. ಗಿರಾಕಿಯ ಮನೆಯ ವಿಚಾರ ನಾಲ್ಕು ಜನರ ಮುಂದೆ ಎತ್ತಬಾರದು. ಬೆಳಕು ಹರಿಯುವ ಮೊದಲು ಯಾರ ಫೋನನ್ನೂ ಸದ್ದು ಮಾಡಿಸಬಾರದು. ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದೆ. ಅತ್ತಿ ಕನ್ನಡಕ ಏರಿಸಿ ಓದಿದಳು. "ಚಂದ ಬರದೀ," ಅಂದಳು. "ಇದನ್ನೂ ಗ್ರೂಪಿನ್ಯಾಗ ಹಾಕ್ಲೇನು?"

ನಾನು ಹಣೆ ಚಚ್ಚಿಕೊಂಡೆ.

ರಂಜಾನ್ ತಿಂಗಳು ಶುರುವಾಗಲು ಎರಡು ವಾರವಿತ್ತು. ಆಗ ಹಾವೇರಿಯಿಂದ ಖೈರೂನ್ ಆಪಾ, ಅಂದರೆ ಖೈರೂನ್ ಅಕ್ಕ, ಬಂದಳು. ಆಪಾ ಮದುವೆ, ಮುಂಜಿ, ಮಗುವಿನ ನಾಮಕರಣ ಎಂದು ಮನೆಮನೆಯ ಕಾರ್ಯಕ್ರಮಗಳಿಗೆ ಅಡುಗೆ ಮಾಡಿಕೊಡುವವಳು. ಹಿಂದೂ ಮನೆಯಾದರೆ ಪಲ್ಯ, ಝುಣಕ, ಸಾರು. ತಮ್ಮವರ ಮನೆಯಾದರೆ ಬಿರಿಯಾನಿ. ಎಲ್ಲದಕ್ಕೂ ಅವಳದೇ ಖಾರ. ತನ್ನ ಅತ್ತೆಯಿಂದ ಕಲಿತದ್ದು. ಆ ಖಾರ ಬಿದ್ದ ಸಾರಿನ ವಾಸನೆ ಹಿಡಿದು ಜನ ಇವತ್ತು ಯಾರ ಅಡುಗೆ ಎಂದು ಹೇಳುತ್ತಿದ್ದರು. ಗಂಡ ಹಾಸಿಗೆ ಹಿಡಿದ ಮೇಲೆ ಮನೆ ನಿಂತದ್ದು ಆ ಖಾರದ ಮೇಲೆಯೇ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಗುಂಟೂರಿನ ಖಾರ, ಕೊತ್ತಂಬರಿ, ಕೊಬ್ಬರಿ, ಕಲ್ಲುಹೂವು ಎಲ್ಲರೂ ಹಾಕುವವೇ. ಅವಳು ಅದರ ಮೇಲೆ ಇನ್ನೂ ಎರಡು ಹಾಕುತ್ತಿದ್ದಳು. ಅವೇನೆಂದು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಮಾಡಿದ್ದು ಸಾಕು.

ಅಂದು ಬೆಳಿಗ್ಗೆ ಗಿರಣಿಯ ಹೆಂಚಿನ ಸಂದಿಯಿಂದ ಬಿಸಿಲು ಬಿದ್ದು ಒಳಗೆಲ್ಲ ಕೆಂಪು ಧೂಳು ಹೊಳೆಯುತ್ತಿತ್ತು. ಇಂಥ ಬೆಳಕಿಗಾಗಿಯೇ ನಾನು ಕಾದಿದ್ದೆ. "ಆಪಾ, ಒಂದ್ ವಿಡಿಯೋ ತಗೊಳ್ಳೇನು?" ಎಂದು ಕೇಳಿದೆ. ನೆನಪಿರಲಿ, ಕೇಳಿದೆ. ನಿಯಮ ಬರೆದವಳಲ್ಲವೇ!

"ತಗೋ ಬೇಟಿ. ಮಾರಿ ಬ್ಯಾಡ," ಅಂದಳು.

ಮುಖ ತೆಗೆಯಲಿಲ್ಲ. ಹಸಿರು ಬಳೆಯ ಕೈ ಮಾತ್ರ ತೆಗೆದೆ. ಆಪಾ ತೂಕ ಮಾಡುವವಳಲ್ಲ, ಹಿಡಿ ಲೆಕ್ಕ. ಒಂದೊಂದೇ ಹಿಡಿ ಎತ್ತಿ ಹಾಕುವಾಗ ತನ್ನಷ್ಟಕ್ಕೆ, "ಏಕ್, ದೋ, ತೀನ್" ಎನ್ನುತ್ತ, ಗಂಟು ಬದಲಾದಾಗ ಸಾಮಾನಿನ ಹೆಸರನ್ನೂ ಹೇಳಿಕೊಳ್ಳುತ್ತಿದ್ದಳು, ತಪ್ಪಬಾರದೆಂದು. ಅತ್ತಿ ಆಗ ಹಿಂದಿನ ಕೋಣೆಗೆ ಜರಡಿ ತರಲು ಹೋಗಿದ್ದಳು. ಎಲ್ಲವೂ ನನ್ನ ಫೋನಿಗೆ ಬಂತು, ಬೆಳಕು, ಕೈ, ಬಳೆ, ಲೆಕ್ಕ, ಹೆಸರು. ಮನೆಗೆ ಹೋಗಿ ಚಂದವಾಗಿ ಕತ್ತರಿಸಿ ಗಿರಣಿಯ ಪುಟಕ್ಕೆ ಹಾಕಿ, ಮೇಲೆ ಬರೆದೆ: "ಹಾವೇರಿಯ ಮದುವೆ ಊಟದ ಖಾರದ ಗುಟ್ಟು, ನಮ್ಮ ಗಿರಣಿಯಲ್ಲಿ."

ನನ್ನ ಹಿಂದಿನ ವಿಡಿಯೋಗಳನ್ನು ನಾನೂ ನಮ್ಮವ್ವನೂ ಅಷ್ಟೇ ನೋಡಿದ್ದೆವು. ಇದು ಓಡಿತು. ಒಂದು ದಿನಕ್ಕೆ ಹಾವೇರಿ, ಎರಡು ದಿನಕ್ಕೆ ಜಿಲ್ಲೆ, ಆಮೇಲೆ ಎಲ್ಲೆಲ್ಲಿಗೋ. ಬಟ್ಟೆ ಅಂಗಡಿಯವನೊಬ್ಬ, ಬೇಕರಿಯವನೊಬ್ಬ ಫೋನ್ ಮಾಡಿ, ನಮಗೂ ಹಿಂಗ ಮಾಡಿಕೊಡ್ರಿ ಮೇಡಂ ಅಂದರು. ಬಹಳ ದಿನದ ಮೇಲೆ ಯಾರೋ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಖುಷಿಯಲ್ಲಿ ನಾನು ಅಂಗಡಿಯ ಬೋರ್ಡನ್ನೇ ಬದಲಿಸಲು ಹೊರಟಿದ್ದೆ.

ಮುಂದಿನ ಗುರುವಾರ ಗಿರಣಿಗೆ ಹೋದಾಗ ಕಟ್ಟೆ ತುಂಬಿತ್ತು. ಇದನ್ನೇ ಅಲ್ಲವೇ ಬಯಸಿದ್ದು ಎಂದು ಬೀಗುತ್ತ ಒಳಗೆ ಕಾಲಿಟ್ಟರೆ ಅತ್ತಿ ಕರ್ಜಗಿಯ ಹೆಂಗಸೊಬ್ಬಳ ಜೊತೆ ಜೋರಾಗಿ ಮಾತಾಡುತ್ತಿದ್ದಳು.

"ಫೋನಿನ್ಯಾಗಿನ ಮದುವಿ ಖಾರ ಮಾಡಿಕೊಡ್ರಿ ಅಂದ್ರ ಯಾಕ ಒಲ್ಲೆ ಅಂತೀರಿ? ಸಾಮಾನೆಲ್ಲಾ ಬರಕೊಂಡು ತಂದೇನಿ."

"ಅದು ನನ್ನ ಖಾರ ಅಲ್ಲವಾ. ನಿಮ್ಮವ್ವಂದು ಮಾಡ್ಸು, ಕುಟ್ಟಿ ಕೊಡ್ತೇನಿ."

"ನಿಮ್ಮ ಗಿರಣಿದ ಅಲ್ಲೇನ್ರಿ ವಿಡಿಯೋ?"

ಅತ್ತಿ ಆಕೆಯ ಚೀಲವನ್ನು ಹಾಗೇ ಬಾಗಿಲಿಗೆ ತಂದಿಟ್ಟಳು. ಆಕೆ ಬೈಯುತ್ತ ಹೋದಳು. ಅವತ್ತು ಅಂಥವರು ಐದು ಜನ. ಐದೂ ಜನರನ್ನು ಅತ್ತಿ ತಿರುಗಿ ಕಳಿಸಿದಳು. ನನಗೆ ರೇಗಿಹೋಯಿತು. ಗಿರಾಕಿ ಇಲ್ಲ ಎಂದು ಅಳುವವಳೂ ಇವಳೇ, ಬಂದವರನ್ನು ಓಡಿಸುವವಳೂ ಇವಳೇ.

"ಅತ್ತಿ, ನಾ ಕೇಳೇ ತಗೊಂಡೇನಿ. ಅಕಿ ಮಾರಿ ಸುದ್ದಾ ಇಲ್ಲ ಅದರಾಗ."

"ಮಾರಿ ಯಾರ್ ಕೇಳ್ತಾರ ರೇಣಿ? ಕೈ ತೋರಿಸೀಯಲ್ಲ." ಅತ್ತಿ ಹೊರಗಿನ ಕಟ್ಟೆಯ ಕಡೆ ಕೈ ಮಾಡಿದಳು. "ಇವರೆಲ್ಲಾ ಅಲ್ಲಿ ಯಾಕ ಕುಂದರ್ತಾರ ಅಂತ ತಿಳದೀ?"

"ಘಾಟಿಗೆ."

"ಘಾಟು!" ಅತ್ತಿ ನಗಲಿಲ್ಲ. "ಹುಟ್ಟಿದಾಗಿಂದ ಖಾರ ಕುಟ್ಟಿಸಿದವರಿಗೆ ಘಾಟೇನ. ಒಬ್ಬಾಕಿ ಖಾರ ಇನ್ನೊಬ್ಬಾಕಿ ನೋಡಬಾರದಂತ ಹೊರಗ ಕುಂದರ್ತಾರ. ಈ ಓಣ್ಯಾಗ ಯಾರ ಮನ್ಯಾಗ ಏನ್ ಹಾಕ್ತಾರ, ಎಷ್ಟ್ ಹಾಕ್ತಾರ, ಎಲ್ಲಾ ನನಗ ಗೊತ್ತೈತಿ. ನಿಮ್ಮ ಮಾವಗ ಸುದ್ದಾ ಹೇಳಿಲ್ಲ ನಾ."

ನಾನು ಗೋಡೆಯ ಮೇಲಿನ ನನ್ನದೇ ಅಕ್ಷರ ನೋಡಿದೆ. ಕೇಳದೆ ಯಾರದನ್ನೂ ಹಾಕಬಾರದು. ಅತ್ತಿಯೂ ಅದನ್ನೇ ನೋಡಿ, ಮುಂದಿನ ಪಾಳಿಯವಳನ್ನು ಒಳಗೆ ಕರೆದಳು.

ಇಷ್ಟಾದ ಮೇಲೂ ನಾನು ಆ ವಿಡಿಯೋವನ್ನು ತಕ್ಷಣ ತೆಗೆಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬೇಕರಿಯವನು ಶನಿವಾರ ಬರುತ್ತೇನೆ ಅಂದಿದ್ದ, ಅವನಿಗೆ ತೋರಿಸಿ ತೆಗೆಯೋಣ ಎಂದುಕೊಂಡೆ. ಆ ಎರಡು ದಿನದಲ್ಲಿ ರಾಣೇಬೆನ್ನೂರಿನ ಒಂದು ಮನೆಯವರು, ಯುಗಾದಿ ಆದಮೇಲಿನ ಮದುವೆಗೆ ಅಡುಗೆ ಹೇಳಿದ್ದವರು, ಆಪಾಳಿಗೆ ಫೋನ್ ಮಾಡಿ, "ಖಾರ ನಾವ ಮಾಡ್ಸೇವಿ, ನೀವು ಕೈ ಬೀಸ್ಕೊಂಡು ಬಂದ್ರ ಸಾಕು" ಅಂದರಂತೆ. ಇನ್ನೊಂದು ಮನೆಯವರು ಅಡುಗೆಯೇ ಬೇಡ ಅಂದರು, ಮನೆಯ ಹೆಂಗಸರೇ ಮಾಡಿಕೊಳ್ಳುತ್ತಾರಂತೆ, ವಿಡಿಯೋ ನೋಡಿಕೊಂಡು. ಅದನ್ನು ಕೇಳಿದ ಮೇಲೆ ತೆಗೆದೆ. ಆಗಲೇ ಯಾರುಯಾರೋ ಅದನ್ನು ಇಳಿಸಿಕೊಂಡು ತಮ್ಮ ಹೆಸರು ಹಾಕಿ ಬಿಟ್ಟಿದ್ದರು. ಒಬ್ಬೊಬ್ಬರಿಗೂ ಬರೆದೆ, ದಯವಿಟ್ಟು ತೆಗೆಯಿರಿ, ಅದು ಒಬ್ಬರ ಹೊಟ್ಟೆಪಾಡು ಎಂದು. ಕೆಲವರು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು. ಒಬ್ಬ, "ಮೇಡಂ, ಮೊದಲ ಹಾಕಿದವರು ನೀವ ಅಲ್ರಿ?" ಎಂದು ಬರೆದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಆಪಾಳ ಮನೆಗೆ ಹೋದೆ. ನಮ್ಮ ಅಂಗಡಿಯಿಂದ ದೂರವಿಲ್ಲ. ಅವಳ ಗಂಡ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಆಪಾ ಕುಂದ್ರು ಅಂದಳು, ಚಹಾ ಕೊಟ್ಟಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಆಪಾ, ನಾ ಕೇಳಿದ್ದೆ…" ಎಂದು ಶುರು ಮಾಡಿದೆ. ಎಂಥ ಮೂರ್ಖತನ ನೋಡಿ, ಆಗಲೂ ಅದನ್ನೇ.

"ಹೌದು ಬೇಟಿ. ನೀ ಕೇಳಿದ್ದು ವಿಡಿಯೋ," ಅಂದಳು ಆಪಾ. "ಖಾರ ಕೇಳಿದ್ದಿಲ್ಲ."

ಚಹಾ ಅರ್ಧಕ್ಕೇ ಕೆಳಗಿಟ್ಟೆ. ಎದ್ದು ಬರುವಾಗ ಅವಳು ಬಾಗಿಲವರೆಗೂ ಬಂದಳು. ಬಂದವರನ್ನು ಬಾಗಿಲವರೆಗೆ ಕಳಿಸುವುದು ಅವಳ ಪದ್ಧತಿ, ನನಗಾಗಿ ಮಾಡಿದ್ದಲ್ಲ.

ಅದೇ ಸಂಜೆ ಅತ್ತಿಯ ಗ್ರೂಪಿನಲ್ಲಿ ಒಂದು ಧ್ವನಿ ಬಂತು. ನಾನು ದಿನಾ ತಲೆ ಚಚ್ಚಿಕೊಳ್ಳುತ್ತಿದ್ದ, ಯಾರನ್ನೂ ಕೇಳದೆ ಕಟ್ಟಿದ ಅದೇ ಗ್ರೂಪು. "ಎಲ್ಲಾರಿಗೂ ಶಾಂತವ್ವನ ನಮಸ್ಕಾರ. ನನ್ನ ಗಿರಣ್ಯಾಗ ಒಂದು ತಪ್ಪಾಗೇತಿ. ಒಬ್ಬಾಕಿ ಖಾರ ನನ್ನ ಗಿರಣಿ ದಾಟಿ ಹೊರಗ ಹೋಗೇತಿ. ಹಾಕಿದಾಕಿ ನನ್ನ ಸೊಸಿ, ನಮ್ಮ ತಮ್ಮನ ಮಗಳು. ಅಕಿನ್ನ ಒಳಗ ಬಿಟ್ಟಾಕಿ ನಾನು. ಆ ಖಾರ ನಾ ಯಾರಿಗೂ ಕುಟ್ಟಿ ಕೊಡೂದಿಲ್ಲ, ನೀವೂ ಕೇಳಬ್ಯಾಡ್ರಿ. ನಿಮ್ಮ ಖಾರ ಇಲ್ಲಿ ತರಾಕ ಅಂಜಿಕಿ ಆದ್ರ ತರಬ್ಯಾಡ್ರಿ, ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ." ಮೊಣಕಾಲಿನ ಸುದ್ದಿ ಇರಲಿಲ್ಲ. ನನ್ನ ಆರು ತಿಂಗಳ ತರಬೇತಿಯಲ್ಲಿ ಕ್ಷಮೆ ಕೇಳುವುದು ಹೇಗೆಂದು ಒಂದು ಇಡೀ ಪಾಠವಿತ್ತು. ಅದರಲ್ಲಿ ಇಷ್ಟು ಚೊಕ್ಕ ಮಾದರಿ ಇರಲಿಲ್ಲ.

ದಿವಸಕ್ಕೆ ಖಾರ ಮಾಡಿಸಿದ್ದ ಐರಣಿಯ ಹೆಣ್ಣುಮಗಳು ಮೊದಲು ಬರೆದಳು, "ಶಾಂತಕ್ಕ, ಶನಿವಾರ ನನ್ನ ಪಾಳಿ ಹಿಡಿ." ಒಂದಿಷ್ಟು ಜನ ಬಂದರು, ಒಂದಿಷ್ಟು ಜನ ರಾಣೇಬೆನ್ನೂರಿಗೇ ಹೋದರು. ಆಪಾಳೂ ಗ್ರೂಪಿನಲ್ಲಿದ್ದಳು. ಅವಳು ಅದನ್ನು ಕೇಳಿದ ಗುರುತು ಅತ್ತಿಯ ಫೋನಿನಲ್ಲಿ ಬಿತ್ತು, ಅಷ್ಟೇ.

ಮರುವರ್ಷ ಆಪಾ ಯಾವ ಗಿರಣಿಗೂ ಹೋಗಲಿಲ್ಲ. ಮನೆಯ ಒಳಗೆ, ಬಾಗಿಲು ಹಾಕಿಕೊಂಡು, ಒರಳು ಒನಕೆಯಲ್ಲಿ ವರ್ಷದ ಖಾರವನ್ನೆಲ್ಲ ತಾನೇ ಕುಟ್ಟಿದಳೆಂದು ಗೊತ್ತಾಯಿತು. ಐವತ್ತು ದಾಟಿದ ಕೈ. ಮಣಿಕಟ್ಟು ಊದಿ ಎರಡು ತಿಂಗಳು ಸೌಟು ಹಿಡಿಯಲಾಗದೆ ಇನ್ನೂ ಕೆಲವು ಮನೆಯ ಅಡುಗೆ ಬಿಟ್ಟಳಂತೆ. ಆ ವರ್ಷ ಅವಳ ಓಣಿಯನ್ನು ಹಾಯುವಾಗಲೆಲ್ಲ ನಾನು ಗಾಡಿ ಜೋರು ಓಡಿಸಿದೆ. ಬೇರೆ ಅಂಗಡಿಗಳ ಕೆಲಸ ಈಗಲೂ ಮಾಡುತ್ತೇನೆ. ವಿಡಿಯೋ ಹಾಕುವ ಮೊದಲು ಅದರಲ್ಲಿರುವವರಿಗೆ ಪೂರ್ತಿ ತೋರಿಸುತ್ತೇನೆ, ಕೊನೆಯವರೆಗೂ ನೋಡ್ರಿ ಎಂದು ಪೀಡಿಸುತ್ತೇನೆ. ಮೇಡಂದು ಭಾಳ ಕಿರಿಕಿರಿ ಅನ್ನುತ್ತಾರೆ.

ಹೋದ ವಾರ ಬಸ್ಸಿಳಿದು ಗಿರಣಿ ಮುಟ್ಟಿದಾಗ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಗೋಡೆಯ ಲಗ್ನಪತ್ರಿಕೆ ಎಣ್ಣೆ ಧೂಳು ಹಿಡಿದು ಕೆಂಪಾಗಿತ್ತು, ಅತ್ತಿ ಅದನ್ನು ಕಿತ್ತಿರಲಿಲ್ಲ. ಒಳಗೆ ಬಾಗಿಲ ಪಕ್ಕ ಕೂತೆ, ಸ್ವಲ್ಪ ಹೊತ್ತಿಗೆ ಆಟೋ ಬಂತು. ಆಪಾ ಇಳಿದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಎದ್ದು ನಿಲ್ಲಬೇಕೋ, ಮರೆಯಾಗಬೇಕೋ ತಿಳಿಯದೆ ನಾನು ಅರ್ಧ ಎದ್ದು ನಿಂತೆ.

ಅವಳು ನನ್ನನ್ನು ನೋಡಿದಳು. "ಬೇಟಿ, ಆ ಚೀಲ ಹಿಡಿ," ಅಂದಳು.

ಹಿಡಿದೆ. ಮೆಣಸಿನಕಾಯಿ ಚೀಲ ದೊಡ್ಡದಿದ್ದರೂ ಹಗುರ. ಇನ್ನೊಂದು ಗಂಟನ್ನು ಅವಳೇ ಎಡಗೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು, ಅದನ್ನು ಕೊಡಲಿಲ್ಲ. ಹೊಸ್ತಿಲವರೆಗೆ ಹೋದೆವು. ಒಳಗೆ ಕಾಲಿಡಬೇಕೆನ್ನುವಷ್ಟರಲ್ಲಿ ಚೀಲದ ಬಾಯಿಗೆ ಕೈ ಹಾಕಿ ತಾನೇ ಎಳೆದುಕೊಂಡಳು.

"ಸಾಕು. ನೀ ಹೊರಗ ಕುಂದ್ರು."

ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲರಿಗೂ ಹೇಳುವಂತೆ ಹೇಳಿದಳು. ಅತ್ತಿ ಅರ್ಧ ಬಾಗಿಲು ಮುಂದೆ ಮಾಡಿದಳು. ಆಮೇಲೆ ಯಂತ್ರದ ಸದ್ದು ಕೇಳಿತು, ಖಾಲಿ ಸದ್ದು. ಖಾಲಿ ಯಂತ್ರ ಓಡಿಸಿದರೆ ಕೆಟ್ಟುಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದಿದ್ದ ಅತ್ತಿ, ಇನ್ನೂ ಒಂದು ಹಿಡಿಯೂ ಬೀಳದ ಯಂತ್ರವನ್ನು ಓಡಿಸುತ್ತಿದ್ದಳು. ಒಳಗಿನ ಏಕ್, ದೋ ಹೊರಗೆ ಒಂದಿಷ್ಟೂ ಕೇಳಲಿಲ್ಲ. ಆದರೂ ನಾನು ಬಾಗಿಲ ಪಕ್ಕದ ಜಾಗ ಬಿಟ್ಟು ಕಟ್ಟೆಯ ಆ ತುದಿಗೆ ಹೋಗಿ, ಫೋನನ್ನು ಚೀಲದ ತಳಕ್ಕೆ ಹಾಕಿ ಕುಳಿತೆ.

ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟಳು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು.

"ನೀ ಶಾಂತಕ್ಕನ ಸೊಸಿ ಅಲ್ಲೇನವಾ? ಮನಿಯಾಕಿ ನೀನ ಯಾಕ ಹೊರಗ ಕುಂತಿ?"

"ನನ್ನ ಪಾಳಿ ಅಲ್ಲರಿ," ಅಂದೆ.